ಅಟ್ಟದ ಬಾಣಂತಿ

ಆಸ್ಪತ್ರೆಯ ಬಟ್ಟೆ ಒಗೆಯುವ ರಾತ್ರಿಪಾಳಿ ಮುಗಿಸಿ
ಐಲಿ ಮನೆ ಸೇರುವ ಹೊತ್ತಿಗೆ
ಡುಲೂತ್ ಊರಿಗೆ ಬೆಳಗು.
ಕಿಟಕಿಗೆ ಕಂಬಳಿ ಕಟ್ಟಿ, ಕಿವಿಗೆ ಹತ್ತಿ ತುರುಕಿ
ಇನ್ನೇನು ರೆಪ್ಪೆ ಕೂಡಬೇಕು,
ನೆತ್ತಿಯ ಮೇಲೆ ಶುರು:
ಪರಪರ, ದಡಬಡ, ತುಸು ಮೌನ,
ಆಮೇಲೆ ಯಾರೋ ಗೋಲಿ ಚೆಲ್ಲಿದ ಹಾಗೆ.

"ಇಲಿ" ಎಂದ ಗಂಡ ರೈನೊ.
"ಇಲಿಯಾದರೆ ರಾತ್ರಿ ಓಡುತ್ತಿತ್ತು, ನಾನಿಲ್ಲದಾಗ.
ಇದರದ್ದು ನಿನ್ನ ಪಾಳಿ:
ಹಗಲು ಗದ್ದಲ, ಇರುಳು ಗೊರಕೆ."

ಏಣಿ ಹತ್ತಿ ಟಾರ್ಚು ಬಿಟ್ಟರೆ
ಚಳಿಗೆಂದು ಹಾಸಿದ್ದ ಗಾಜುನಾರು ಗುಡ್ಡೆ ಗುಡ್ಡೆ,
ಹನ್ನೊಂದು ವರ್ಷದ ತೆರಿಗೆ ಕಾಗದ ಚೂರು ಚೂರು,
ಸಿಪ್ಪೆ ಸುಲಿದ ತಂತಿಯಲ್ಲಿ ತಾಮ್ರದ ನಗು,
ರೈನೊ ಶಾಲೆಯಲ್ಲಿ ಹಾಕಿ ಆಡಿದ ಕೆಂಪು ಸ್ವೆಟರಿಗೆ
ಒಂದು ತೋಳೇ ಇಲ್ಲ.
ಮೂಲೆಯಲ್ಲಿ ಎರಡು ಕಣ್ಣು.

ಬೂದು ಅಳಿಲು. ಬೆನ್ನ ಮೇಲೆ ಮೂರು ಗೆರೆಯಿಲ್ಲ.
ಯಾವ ದೇವರ ಬೆರಳೂ ಸವರಿದ್ದಲ್ಲ,
ಯಾವ ಸೇತುವೆಗೂ ಹಿಡಿ ಮರಳು ಹೊತ್ತಿದ್ದಲ್ಲ.
ಈ ಊರ ಸೇತುವೆಯೋ
ಹಡಗು ಬಂದರೆ ತಾನೇ ಮೇಲೇಳುತ್ತದೆ,
ಅಳಿಲ ಹಂಗಿಲ್ಲ.

ಎದುರುಮನೆಯ ಓಲಾವ್ ಹಿಮ ಬಾಚುತ್ತ ಹೇಳಿದ:
"ವಿಷ ಇಡಿ. ಒಂದೇ ರಾತ್ರಿ.
ನನ್ನ ಸೂರು ನೋಡಿ, ಇರುವೆಗೂ ಸಂದಿಲ್ಲ."
ವಿಷ ಬೇಡವೆಂದು ರೈನೊ
ಅಟ್ಟದಲ್ಲಿ ರೇಡಿಯೊ ಹಚ್ಚಿಟ್ಟ.
ಮೂರು ದಿನ
ಗೋಧಿಯ ದರ, ಸರೋವರದ ಮಂಜಿನ ದಪ್ಪ,
ಹೆದ್ದಾರಿಯ ಅಪಘಾತ
ಅಳಿಲೂ ಕೇಳಿತು, ಐಲಿಯೂ ಕೇಳಿದಳು.
ನಿದ್ದೆ ಬಂದದ್ದು ಅಳಿಲಿಗೆ.

ಶನಿವಾರ ಅದು ಹೊರಹೋದದ್ದು ಕಂಡು
ರೈನೊ ತೂತಿಗೆ ತಗಡು ಜಡಿದ, ಇಪ್ಪತ್ತು ಮೊಳೆ.
ಐಲಿ ಮಲಗಿದಳು.
ಮಧ್ಯಾಹ್ನ ಹೊರಗಿಂದ ತಗಡು ಕೆರೆವ ಸದ್ದು.
ಒಳಗಿಂದ
ಎಣ್ಣೆ ಕಾಣದ ಹೊಲಿಗೆ ಯಂತ್ರದ ಸಣ್ಣ ಕೀಂಚು.
ಎದ್ದು ಕೂತಳು.
ಹೆರಿಗೆ ವಾರ್ಡಿನ ಬಟ್ಟೆ ಬೇರೆ ಬರುತ್ತದೆ ಒಗೆಯಲು,
ಕರವಸ್ತ್ರಕ್ಕಿಂತ ತುಸು ದೊಡ್ಡ ಹಾಸು, ಬೊಗಸೆಯಷ್ಟು ಟೋಪಿ.
ಅವಳಿಗೆ ಗೊತ್ತಾಯಿತು.

"ಬಿಚ್ಚು."
"ಇಪ್ಪತ್ತು ಮೊಳೆ, ಐಲಿ."
"ಬಿಚ್ಚು ಅಂದೆನಲ್ಲ, ತಗಡಿನ ಅಂಚಿಗೆ ರಕ್ತ ಮೆತ್ತಿದೆ."

ಬಿಚ್ಚಿದ.
ಬಾಣಂತಿ ಇನ್ನು ಈ ಮನೆಯನ್ನು ನಂಬಲಿಲ್ಲ.
ಕಣ್ಣು ಬಿಡದ ಒಂದು ಮರಿಯನ್ನು ಕಚ್ಚಿ ಎತ್ತಿ
ವಿದ್ಯುತ್ ತಂತಿಯ ಮೇಲೆ ರಸ್ತೆ ದಾಟಿ
ಓಲಾವನ ಚಿಮಣಿಯ ಬುಡದ ಸಂದಿಯೊಳಗೆ ಇಳಿಯಿತು.
ಕಿಟಕಿಯಲ್ಲಿ ನಿಂತು ಗಂಡಹೆಂಡಿರು ಎಣಿಸಿದರು,
ಕಾಫಿ ಆರಿತು.
ಎರಡು. ಮೂರು.
ಹಿಮ ಶುರುವಾಯಿತು, ತಂತಿ ಬೆಳ್ಳಗಾಯಿತು,
ಒಮ್ಮೆ ಕಾಲು ಜಾರಿ, ತೂಗಿ, ಹಿಡಿದುಕೊಂಡಿತು.
ನಾಲ್ಕು.
ಐದನೆಯ ಸಲ ಬಂದು ಬರಿ ಗೂಡು ಮೂಸಿ ನೋಡಿ
ಬಾಯ್ತುಂಬ ಕೆಂಪು ಉಣ್ಣೆ ಕಚ್ಚಿ ಹೋಯಿತು.

"ಓಲಾವನಿಗೆ ಹೇಳಬೇಕಲ್ಲ" ಎಂದ ರೈನೊ.
"ನಾಳೆ" ಎಂದಳು ಐಲಿ.
ಮೊಳೆ ಮತ್ತೆ ಜಡಿದಾಯಿತು.
ನಾಳೆ ಬಂತು, ಹೋಯಿತು. ಇನ್ನೂ ಹತ್ತು ನಾಳೆ.
ಎಂಥ ನಿದ್ದೆ! ಕೊಪ್ಪರಿಗೆ ಜೇನಿನಲ್ಲಿ ಬಿದ್ದ ಹಾಗೆ.

ಏಪ್ರಿಲಿನ ಒಂದು ಬೆಳಗು ಬಾಗಿಲು ತಟ್ಟಿದ ಓಲಾವ್.
ಕಣ್ಣು ಕೆಂಪು, ತಲೆಯಲ್ಲಿ ಜೇಡರ ಬಲೆ.
"ವಿಷ ಹಿಡಿದೇ ಹತ್ತಿದ್ದೆ" ಎಂದ.
"ನಾಲ್ಕಿದ್ದವು. ಆಗಷ್ಟೇ ಕಣ್ಣು ಬಿಟ್ಟಿದ್ದವು."
ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ
ಒಂದು ಹಿಡಿ ಕೆಂಪು ಉಣ್ಣೆ,
ಅದಕ್ಕೆ ಅಂಟಿದ ಬಿಳಿ ಅಂಕಿ, ಅರ್ಧ ಏಳು.
ಮೂವರೂ ಅದನ್ನೇ ನೋಡಿದರು.
ರೈನೊ ಆಡಿದ್ದು ಏಳನೆಯ ನಂಬರಿನಲ್ಲಿ
ಎಂದು ಇಡೀ ಬೀದಿಗೆ ಗೊತ್ತು.

"ಕೂತುಕೊಳ್ಳಿ" ಎಂದಳು ಐಲಿ,
"ಕಾಫಿ ಮಾಡುತ್ತೇನೆ.
ರೇಡಿಯೊ ಬೇಕಿದ್ದರೆ ಒಯ್ಯಿರಿ."